ನಕಲಿನ ಅಪವಾದ ಬಂದಾಗ

ಅರಿವೆಯ ಕೊಳೆಗಿಂತ ಹೆಸರಿಗೆ ಹತ್ತಿದ ಕೊಳೆಯನ್ನು ತೊಳೆಯುವುದು ಕಠಿಣವೆಂಬುದನ್ನು ಮಡಿವಾಳ ಮಾಚಿದೇವರು ಹುಟ್ಟಿದ ದೇವರ ಹಿಪ್ಪರಗಿಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಇಂತಹ ಊರಿನ ಮನೆಯೊಂದರ ಮಗನಾಗಲಿ ಮಗಳಾಗಲಿ ಪದವಿ ಪರೀಕ್ಷೆಯಲ್ಲಿ ನಕಲು ಮಾಡಿ ಸಿಕ್ಕಿಬಿದ್ದರೆಂಬ ಸುದ್ದಿ ಬಂದಿತೆನ್ನಿರಿ. ಅದು ಸುಳ್ಳೇ ಆಗಿದ್ದರೂ ಊರೆಲ್ಲ ಹರಡಲು ಒಂದು ಸಂಜೆ ಸಾಕು. ಹಿರಿಯರ ಮೊದಲನೆಯ ತಪ್ಪು ಆಗುವುದೂ ಅಂದೇ. ಕೇಳುವ ಮುನ್ನ ಬಯ್ಯುವರು. ಇಲ್ಲವೆ ಯಾರದಾದರೂ ಕೈಕಾಲು ಹಿಡಿದು ಪ್ರಕರಣವನ್ನು ಮುಚ್ಚಿಸಹೊರಡುವರು. ನಿರಪರಾಧಿಯ ಪರವಾಗಿ ಕ್ಷಮೆ ಬೇಡುವುದೆಂದರೆ ಅಪರಾಧವನ್ನು ಒಪ್ಪಿಕೊಂಡಂತೆಯೇ ಸರಿ.

ಈ ವಿಷಯದಲ್ಲಿ ವಾಚಕರು ತಿಳಿದಿರಬೇಕಾದ ಹಳೆಯ ಮೊಕದ್ದಮೆಯೊಂದುಂಟು. 1954ರಲ್ಲಿ ಉತ್ತರ ಪ್ರದೇಶದ ಮೂವರು ಹುಡುಗರು ಇಂಟರ್‌ಮೀಡಿಯೆಟ್ ಪರೀಕ್ಷೆಯಲ್ಲಿ ತೇರ್ಗಡೆಯಾಗಿದ್ದರು. ಅದೇ ಡಿಸೆಂಬರಿನಲ್ಲಿ ಪರೀಕ್ಷಾ ಮಂಡಳಿಯು ಅವರು ಅಕ್ರಮವೆಸಗಿದರೆಂದು ಫಲಿತಾಂಶವನ್ನು ರದ್ದುಪಡಿಸಿ, 1955ರ ಪರೀಕ್ಷೆಗೂ ಕೂಡದಂತೆ ಮಾಡಿತು. ಹುಡುಗರನ್ನು ಒಂದು ಮಾತನ್ನೂ ಕೇಳಿರಲಿಲ್ಲ. ಅಲಹಾಬಾದಿನ ಉಚ್ಚ ನ್ಯಾಯಾಲಯವು ಹುಡುಗರ ಪರವಾಗಿ ತೀರ್ಪಿತ್ತಿತು; ಮಂಡಳಿಯು ಸರ್ವೋಚ್ಚ ನ್ಯಾಯಾಲಯಕ್ಕೆ ಹೋಯಿತು; 1962ರಲ್ಲಿ ಅಲ್ಲಿಯೂ ಸೋತಿತು. ಆರೋಪಿತನ ಮಾತನ್ನು ಕೇಳಬೇಕೆಂದು ಮಂಡಳಿಯ ನಿಯಮದಲ್ಲಿ ಬರೆದಿರಲಿಲ್ಲ, ನಿಜ. ಆದರೆ ಒಬ್ಬನ ಬಾಳಿನ ದಾರಿಯನ್ನೇ ಕೆಡಿಸಬಲ್ಲ ಶಿಕ್ಷೆಯನ್ನು ವಿಧಿಸುವವರು ಅವನ ಮಾತನ್ನು ಕೇಳಲೇಬೇಕೆಂಬುದು ನ್ಯಾಯಾಲಯದ ನಿಲುವಾಗಿತ್ತು.

ಕೇಳಿದ ಮಾತ್ರಕ್ಕೆ ಗೆಲುವು ಸಿಕ್ಕುವುದೆಂದಲ್ಲ. 1972ರಲ್ಲಿ ಪಂಜಾಬ ವಿಶ್ವವಿದ್ಯಾಲಯದ ಪರೀಕ್ಷಾರ್ಥಿಯೊಬ್ಬನು ಅದೇ ನ್ಯಾಯಾಲಯದಲ್ಲಿ ಸೋತನು. ಅವನ ತಪ್ಪುಗಳೂ ಇನ್ನೊಬ್ಬನ ತಪ್ಪುಗಳೂ ಒಂದೇ ತೆರನಾಗಿದ್ದವು. ಉತ್ತರಪತ್ರಿಕೆಗಳನ್ನು ತೋರಿಸಿ ವಿವರಣೆ ಕೇಳಿಯೂ ಆಗಿತ್ತು. ಒಂದೇ ಗೈಡನ್ನು ಬಾಯಿಪಾಠ ಮಾಡಿದವರ ಸರಿಯುತ್ತರಗಳು ಹೋಲಬಹುದು; ವಿಚಿತ್ರವಾದ ತಪ್ಪುಗಳು ಹೋಲಿದರೆ ಉತ್ತರ ಕೊಡುವುದು ಕಷ್ಟ. ಆದಕಾರಣ ಓದಿದ ಪುಸ್ತಕವನ್ನೂ ಟಿಪ್ಪಣಿಗಳನ್ನೂ ರದ್ದಿಗೆ ಹಾಕದೆ ಇಟ್ಟುಕೊಳ್ಳತಕ್ಕದ್ದು.

ಪರೀಕ್ಷಾ ಕೊಠಡಿಯಲ್ಲಿಯೇ ಆರೋಪ ಬಂದರೆ, ಓದದೆ ಯಾವ ಕಾಗದಕ್ಕೂ ರುಜು ಹಾಕಕೂಡದು. ಅಂಜಿದ ಹುಡುಗರು ಇದರಲ್ಲಿಯೇ ಎಡವುವರು. ನಡೆದುದನ್ನು ತಮ್ಮ ಮಾತಿನಲ್ಲಿಯೇ ಬರೆದುಕೊಡಬೇಕು. ಎಲ್ಲಿ ಕುಳಿತಿದ್ದರು, ಎಷ್ಟು ಹೊತ್ತಿಗೆ ಏನಾಯಿತು, ದೊರೆತುದೆನ್ನುವ ಚೀಟಿಯು ಯಾರ ಕೈಬರಹ, ಅದು ಅಂದಿನ ಪ್ರಶ್ನೆಗೆ ಸಂಬಂಧಿಸಿದ್ದೇ ಎಂಬುದನ್ನೆಲ್ಲ ಅದೇ ರಾತ್ರಿ ಮನೆಯಲ್ಲಿ ಕುಳ್ಳಿರಿಸಿ ಬರೆಯಿಸಿಡುವುದು ತಾಯಿತಂದೆಗಳ ಕೆಲಸ. ವಾರ ಕಳೆದರೆ ನೆನಪು ಮಾಸುವುದು.

ಮುಂದೆ ವಿಶ್ವವಿದ್ಯಾಲಯದ ಮೌಲ್ಯಮಾಪನ ಕುಲಸಚಿವರಿಗೆ ಪತ್ರ ಬರೆದು, ಆರೋಪದ ಪ್ರತಿಯನ್ನೂ ಮೇಲ್ವಿಚಾರಕರ ವರದಿಯನ್ನೂ ಕೇಳಬೇಕು. ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯವು ಹಿಪ್ಪರಗಿಯಿಂದ ಇನ್ನೂರು ಕಿಲೋಮೀಟರಿಗೂ ದೂರ. ವಿಚಾರಣೆಯ ಕರೆ ಬಂದರೆ ಬಸ್ಸಿನ ಖರ್ಚಿಗೆ ಹಿಂದೆಗೆಯದೆ ಹೋಗಲೇಬೇಕು. ತನ್ನ ಉತ್ತರಪತ್ರಿಕೆಯನ್ನು ನೋಡುವ ಹಕ್ಕು ಪರೀಕ್ಷಾರ್ಥಿಗೆ ಇದೆಯೆಂದು ಸರ್ವೋಚ್ಚ ನ್ಯಾಯಾಲಯವು 2011ರಲ್ಲಿ ಹೇಳಿದೆ. ಮಾಹಿತಿ ಹಕ್ಕಿನ ಅರ್ಜಿಗೆ ನಮ್ಮ ರಾಜ್ಯದಲ್ಲಿ ಹತ್ತು ರೂಪಾಯಿ ಶುಲ್ಕ. ಉತ್ತರಕ್ಕೆ ಮೂವತ್ತು ದಿನಗಳ ಗಡುವು. ಅಲ್ಲಿಯೂ ನ್ಯಾಯ ದೊರೆಯದಿದ್ದರೆ ಉಚ್ಚ ನ್ಯಾಯಾಲಯವುಂಟು. ವಿಜಾಪುರ ಜಿಲ್ಲೆಯು ಕಲಬುರಗಿಯ ಪೀಠಕ್ಕೆ ಸೇರಿದುದು.

ಇಷ್ಟೆಲ್ಲ ಆಗುವಾಗ ತಿಂಗಳುಗಳು ಉರುಳುವವು. ಆ ತಿಂಗಳುಗಳಲ್ಲಿ ಹುಡುಗಿಯ ಮದುವೆಯ ಮಾತೆತ್ತಿ ಓದು ಬಿಡಿಸುವ ಮನೆಗಳೂ ಇಲ್ಲದಿಲ್ಲ. ತೀರ್ಪು ಬರುವ ಮುನ್ನವೇ ಮನೆಯವರು ಕೊಡುವ ಆ ಶಿಕ್ಷೆಯ ಮೇಲೆ ಮೇಲ್ಮನವಿಗೆ ಯಾವ ನ್ಯಾಯಾಲಯವೂ ಇಲ್ಲ.