ಕಂಬದ ಕೆಳಗಿನ ಕಲ್ಲು

ಮಕ್ಕಳೇ, ಹೊಸೂರು ದಾರಿಯಲ್ಲಿ ಬೆಂಗಳೂರಿಗೆ ಹೋದರೆ ಟಿಪ್ಪುವಿನ ಬೇಸಿಗೆ ಅರಮನೆ ನೋಡಿ ಬನ್ನಿ. ಹೈದರಾಲಿ ಶುರುಮಾಡಿಸಿದ ಈ ಎರಡಂತಸ್ತಿನ ಕಟ್ಟಡ ಮುಗಿದದ್ದು 1791ರಲ್ಲಿ. ಆಗ ನಮ್ಮ ಸೇಲಂ, ಧರ್ಮಪುರಿಯೂ ಮೈಸೂರಿಗೇ ಸೇರಿದ್ದವು.

ಹೋದವರೆಲ್ಲ ಕಮಾನು, ಬಣ್ಣ ನೋಡ್ತಾರೆ. ನೀವು ತೇಗದ ಕಂಬದ ಬುಡ ನೋಡಿ. ಕಲ್ಲಿನ ಮೇಲೆ ಕೂತಿದೆ! ತೇಗದೊಳಗಿನ ಎಣ್ಣೆಯಿಂದ ಗೆದ್ದಲು ಸುಲಭಕ್ಕೆ ಹತ್ತಲ್ಲ, ಸರಿ. ಆದರೆ ತೇವ? ಮರದ ತುಂಬ ಸಣ್ಣ ನಾಳಗಳು. ಮಣ್ಣಿಗೆ ತಾಗಿದರೆ, ಬತ್ತಿ ಎಣ್ಣೆ ಎಳೆದ ಹಾಗೆ ನೀರನ್ನು ಮೇಲಕ್ಕೆಳೆಯುತ್ತವೆ. ಬುಡ ಕೊಳೆತರೆ ಮೇಲಂತಸ್ತೇ ಕುಸಿದೀತು.

ಮರ ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಕುಗ್ಗುತ್ತದೆ, ಅದೂ ಉದ್ದಕ್ಕಿಂತ ಅಡ್ಡಕ್ಕೇ ಹೆಚ್ಚು. ಉಳಿ, ಗರಗಸ ಹಿಡಿದ ಬಡಗಿಗಳಿಗೆ ಈ ಲೆಕ್ಕವೂ ಗೊತ್ತಿರಬೇಕಿತ್ತು. ನಿಮ್ಮೂರಿನ ಹಳೇ ಮನೆಯ ಜಗಲಿ ಕಂಬವನ್ನೂ ಒಮ್ಮೆ ಬಗ್ಗಿ ನೋಡಿ.