ಸಲಮಾಂಕಾ ಮತ್ತು ಸ್ಪ್ಯಾನಿಷ್ ವ್ಯಾಸಂಗ

1492ನೆಯ ಇಸವಿಯು ಸ್ಪೇನ್ ದೇಶದ ಚರಿತ್ರೆಯಲ್ಲಿ ಮಹಾಘಟನೆಗಳು ಒಂದರ ಬೆನ್ನಿಗೊಂದು ನಡೆದ ವರ್ಷ. ಜನವರಿಯಲ್ಲಿ, ಮುಸಲ್ಮಾನ ಅರಸರ ಕೊನೆಯ ನೆಲೆಯಾಗಿದ್ದ ಗ್ರಾನಾಡಾ ನಗರವು ರಾಣಿ ಇಸಬೆಲ್ ಮತ್ತು ದೊರೆ ಫರ್ನಾಂಡೋ ಇವರ ಕೈವಶವಾಯಿತು. ಮಾರ್ಚಿನಲ್ಲಿ, ಮತವನ್ನಾದರೂ ಬಿಡಿರಿ ಇಲ್ಲವೆ ದೇಶವನ್ನಾದರೂ ಬಿಡಿರಿ ಎಂದು ಯೆಹೂದ್ಯರಿಗೆ ರಾಜಾಜ್ಞೆಯಾಯಿತು. ಆಗಸ್ಟ್ ತಿಂಗಳ ಆದಿಯಲ್ಲಿ ಕೊಲಂಬಸನು ಮೂರು ಹಡಗುಗಳೊಡನೆ ಪಶ್ಚಿಮಾಭಿಮುಖನಾಗಿ ಹೊರಟನು. ಅದೇ ಆಗಸ್ಟ್ 18ರಂದು, ಇಷ್ಟೊಂದು ಸದ್ದುಗದ್ದಲಗಳ ನಡುವೆ, ಸಲಮಾಂಕಾ ನಗರದಲ್ಲಿ ಒಂದು ಪುಸ್ತಕವು ಅಚ್ಚಾಗಿ ಹೊರಬಂದಿತು. ಆಂತೋನಿಯೋ ದೆ ನೆಬ್ರಿಹಾ ಎಂಬ ಪಂಡಿತನು ರಚಿಸಿದ ಕ್ಯಾಸ್ಟಿಲಿಯನ್ ಭಾಷೆಯ, ಎಂದರೆ ನಾವು ಇಂದು ಸ್ಪ್ಯಾನಿಷ್ ಎಂದು ಕರೆಯುವ ಭಾಷೆಯ, ವ್ಯಾಕರಣವದು. ಕೇಶಿರಾಜನು ಶಬ್ದಮಣಿದರ್ಪಣವನ್ನು ಅದಕ್ಕೆ ಎರಡು ಶತಮಾನಗಳಿಗೂ ಹಿಂದೆಯೇ ರಚಿಸಿದ್ದನೆಂಬುದನ್ನು ಬಲ್ಲ ಕನ್ನಡಿಗನಿಗೆ ಇದು ಅಂಥ ದೊಡ್ಡ ಸಾಹಸವೆಂದು ತೋರದಿರಬಹುದು. ಆದರೆ ವ್ಯಾಕರಣವೆಂಬುದು ಲ್ಯಾಟಿನ್ ಗ್ರೀಕ್‌ಗಳ ಸೊತ್ತು, ಮನೆಯಲ್ಲಿ ಆಡಿಕೊಳ್ಳುವ ನುಡಿಗೆ ಅದರ ಹಂಗೇಕೆ ಎಂಬ ಭಾವನೆಯು ವಿದ್ವಾಂಸರಲ್ಲಿ ಬೇರೂರಿದ್ದ ಅಂದಿನ ಯುರೋಪಿನಲ್ಲಿ, ಆ ಕೃತಿಯು ನಿಜವಾಗಿಯೂ ಒಂದು ಧೈರ್ಯದ ಕಾರ್ಯವಾಗಿದ್ದಿತು.

ನೆಬ್ರಿಹಾ ತನ್ನ ಗ್ರಂಥವನ್ನು ರಾಣಿಗೆ ಅರ್ಪಿಸುತ್ತ, ಭಾಷೆಯು ಸಾಮ್ರಾಜ್ಯದ ಸಹಚರಿಯಾಗಿ ಅದರೊಡನೆ ಬೆಳೆದು ಅದರೊಡನೆ ಅಳಿಯುವುದೆಂಬ ಅಭಿಪ್ರಾಯವನ್ನು ಪೀಠಿಕೆಯಲ್ಲಿ ಮುಂದಿಟ್ಟನು. ಐದು ಭಾಗಗಳ ಆ ಕೃತಿಯ ಕೊನೆಯ ಭಾಗವನ್ನು ಆತನು ಕ್ಯಾಸ್ಟಿಲಿಯನ್ ಕಲಿಯಬಯಸುವ ಪರಭಾಷಿಕರಿಗಾಗಿಯೇ ಮೀಸಲಿಟ್ಟಿದ್ದನು. ಹೀಗೆ ಪರಕೀಯನೊಬ್ಬನು ಸ್ಪ್ಯಾನಿಷನ್ನು ಶಾಸ್ತ್ರೀಯವಾಗಿ ಕಲಿಯುವ ಪರಿಪಾಠವೂ, ಆ ಭಾಷೆಯ ಮೇಲೆ ಸಾಮ್ರಾಜ್ಯದ ನೆರಳೂ ಒಂದೇ ಪುಸ್ತಕದೊಳಗಿನಿಂದ ಹೊರಟುವು. ಇಂದು ವಿಶ್ವವಿದ್ಯಾನಿಲಯದಲ್ಲಿ ಸ್ಪ್ಯಾನಿಷ್ ಓದಲು ಸೇರುವ ವಿದ್ಯಾರ್ಥಿಯು ಈ ಎರಡನ್ನೂ ಒಟ್ಟಿಗೆ ಸ್ವೀಕರಿಸಬೇಕಾಗುತ್ತದೆ. ಒಂದನ್ನು ಬಿಟ್ಟು ಇನ್ನೊಂದನ್ನು ಕಲಿತವನ ವಿದ್ಯೆ ಅರೆವಿದ್ಯೆ ಎಂಬುದೇ ಈ ಲೇಖಕನ ನಂಬಿಕೆ.

ಸ್ಪೇನಿನ ವಿಶ್ವವಿದ್ಯಾನಿಲಯಗಳಲ್ಲಿ ಸ್ಪ್ಯಾನಿಷ್ ಭಾಷಾಸಾಹಿತ್ಯದ ಪದವಿಯ ಅವಧಿ ನಾಲ್ಕು ವರ್ಷ. ಧ್ವನಿಶಾಸ್ತ್ರ, ವಾಕ್ಯರಚನೆ, ಭಾಷೆಯ ಇತಿಹಾಸ, ಸ್ವಲ್ಪಮಟ್ಟಿಗೆ ಲ್ಯಾಟಿನ್, ಮಧ್ಯಯುಗದಿಂದ ಇಂದಿನವರೆಗಿನ ಸ್ಪೇನಿನ ಸಾಹಿತ್ಯ, ಲ್ಯಾಟಿನ್ ಅಮೆರಿಕದ ಸಾಹಿತ್ಯ, ಇವು ಪಠ್ಯಕ್ರಮದ ಮುಖ್ಯಾಂಗಗಳು. ಮಾತುಕತೆಗೆ ಸಾಲುವಷ್ಟು ಭಾಷೆಯನ್ನು ಕೆಲವು ತಿಂಗಳುಗಳ ತರಗತಿಗಳಲ್ಲಿಯೂ ಪಡೆಯಬಹುದು. ವಿಶ್ವವಿದ್ಯಾನಿಲಯವು ಬೇಡುವುದು ಅದಕ್ಕಿಂತ ಹೆಚ್ಚಿನ ತಾಳ್ಮೆಯನ್ನು.

ಭಾಷೆಯ ಮಟ್ಟಿಗೆ ಹೇಳುವುದಾದರೆ, ಕನ್ನಡಿಗನಿಗೆ ಕೆಲವು ಅನುಕೂಲಗಳು ಹುಟ್ಟಿನಿಂದಲೇ ಒದಗಿವೆ. ಸ್ಪ್ಯಾನಿಷ್‌ನಲ್ಲಿ ಕ್ರಿಯಾಪದದ ಕೊನೆಯೇ ಕರ್ತೃ ಯಾರೆಂಬುದನ್ನು ತಿಳಿಸುವುದರಿಂದ, ನಾವು ‘ಬಂದೆನು’, ‘ಬಂದಿರಿ’ ಎನ್ನುವಾಗ ಸರ್ವನಾಮವನ್ನು ಬಿಡುವಂತೆಯೇ ಅವರೂ ಬಿಡುತ್ತಾರೆ. ನಮ್ಮ ನೀನು, ನೀವುಗಳಂತೆ ಸಲಿಗೆಗೊಂದು, ಗೌರವಕ್ಕೊಂದು ಸಂಬೋಧನೆ ಅಲ್ಲಿಯೂ ಉಂಟು. ಒಂದು ವಸ್ತು ಇಷ್ಟವೆನ್ನುವಾಗ ಇಷ್ಟಪಡುವವನನ್ನು ಕರ್ತೃವಾಗಿಸದೆ, ‘ನನಗೆ ಇಷ್ಟ’ ಎಂಬ ನಮ್ಮ ಚತುರ್ಥಿಯ ರೀತಿಯಲ್ಲಿಯೇ ಅವರ ವಾಕ್ಯವೂ ನಡೆಯುತ್ತದೆ. ಇಂಗ್ಲಿಷಿನವರು ವಾರಗಟ್ಟಲೆ ತಡವರಿಸುವ ಈ ಪ್ರಯೋಗವನ್ನು ಕನ್ನಡದ ವಿದ್ಯಾರ್ಥಿಯು ಒಂದು ಗಂಟೆಯಲ್ಲಿ ತನ್ನದಾಗಿಸಿಕೊಳ್ಳಬಲ್ಲನು. ಅವರ ತಕಾರವು ನಮ್ಮ ತಕಾರದಂತೆ ದಂತ್ಯವಾದದ್ದು. ಕಷ್ಟವಿರುವುದು ಬೇರೆಡೆ: ಕನ್ನಡದ ಲಿಂಗವು ಅರ್ಥವನ್ನು ಅನುಸರಿಸುತ್ತದೆ, ಅಲ್ಲಿಯಾದರೋ ಮೇಜು ಸ್ತ್ರೀಲಿಂಗ, ಪುಸ್ತಕ ಪುಲ್ಲಿಂಗ, ‘ಇರು’ ಎಂಬುದಕ್ಕೆ ಎರಡು ಧಾತುಗಳು, ಸಂದೇಹ, ಹಾರೈಕೆ, ಭಯಗಳನ್ನು ನುಡಿಯುವಾಗ ಕ್ರಿಯಾಪದವು ಧರಿಸುವ ರೂಪವೇ ಪ್ರತ್ಯೇಕ.

ಇನ್ನು ಸಲಮಾಂಕಾದ ವಿಷಯ. ಲೆಯೋನ್ ರಾಜ್ಯದ ದೊರೆಯಾದ ಒಂಬತ್ತನೆಯ ಆಲ್ಫೋನ್ಸೋ 1218ರಲ್ಲಿ ಸ್ಥಾಪಿಸಿದ ಅಲ್ಲಿನ ವಿಶ್ವವಿದ್ಯಾನಿಲಯವು ಸ್ಪೇನಿನಲ್ಲಿ ಇಂದಿಗೂ ನಡೆಯುತ್ತಿರುವವುಗಳಲ್ಲೆಲ್ಲ ಅತ್ಯಂತ ಪ್ರಾಚೀನವಾದುದು. ಅದರ ಹಳೆಯ ಕಟ್ಟಡದಲ್ಲಿ ಫ್ರಾಯ್ ಲೂಯಿಸ್ ದೆ ಲೆಯೋನ್ ಎಂಬ ಕವಿ ಹಾಗೂ ಸನ್ಯಾಸಿಯ ಹೆಸರಿನ ಒಂದು ಪಾಠದ ಕೋಣೆಯನ್ನು ಹಿಂದಿನಂತೆಯೇ ಉಳಿಸಿಕೊಂಡಿದ್ದಾರೆ. ಗುರುವಿಗೆ ಎತ್ತರದಲ್ಲಿ ಒಂದು ಮರದ ಪೀಠ. ಶಿಷ್ಯರಿಗೆ ನೇರ್ಪಡಿಸದ ಒರಟು ತೊಲೆಗಳ ಬೆಂಚುಗಳ ಸಾಲು. ಆ ತೊಲೆಗಳ ಮೈತುಂಬ ಗತಕಾಲದ ವಿದ್ಯಾರ್ಥಿಗಳು ಚಾಕುವಿನಿಂದ ಕೊರೆದ ಗುರುತುಗಳು. ಲ್ಯಾಟಿನ್ ಬಾರದ ಸನ್ಯಾಸಿನಿಯೊಬ್ಬಳಿಗಾಗಿ ಬೈಬಲಿನ ಪರಮಗೀತವನ್ನು ಜನಭಾಷೆಗೆ ತಂದುದೂ, ಹೀಬ್ರೂ ಮೂಲವನ್ನು ಆಶ್ರಯಿಸಿ ಪ್ರಚಲಿತ ಲ್ಯಾಟಿನ್ ಭಾಷಾಂತರದಲ್ಲಿ ದೋಷಗಳನ್ನೆತ್ತಿ ತೋರಿಸಿದುದೂ ಅಪರಾಧವೆಂದು, ಮತವಿಚಾರಣೆಯ ನ್ಯಾಯಮಂಡಲಿಯವರು ಈ ಮಹನೀಯನನ್ನು 1572ರಲ್ಲಿ ಬಂಧಿಸಿ ಸುಮಾರು ಐದು ವರ್ಷ ವಯ್ಯಾದೊಲಿದ್ ನಗರದ ಸೆರೆಯಲ್ಲಿಟ್ಟರು. ಬಿಡುಗಡೆಯಾಗಿ ಬಂದವನು ಮತ್ತೆ ಪಾಠಕ್ಕೆ ತೊಡಗಿದನು. ಆತನ ಭಾವಗೀತೆಗಳಲ್ಲಿರುವ ಏಕಾಂತದ ಹಂಬಲವು ಕೇವಲ ಕವಿಸಮಯವಲ್ಲವೆಂಬುದನ್ನು, ಈ ಕಥೆಯನ್ನು ತಿಳಿಯದೆ ಓದಿದವನು ಅರಿಯುವ ಬಗೆ ಹೇಗೆ?

ಅದೇ ಊರಿನ ತೋರ್ಮೆಸ್ ನದಿಯ ಮೇಲಣ ರೋಮನರ ಸೇತುವೆಯ ಬಳಿ, ತಲೆಯಿಲ್ಲದ ಒಂದು ಕಲ್ಲಿನ ಹೋರಿ ನಿಂತಿದೆ. 1554ರಲ್ಲಿ ಕರ್ತೃವಿನ ಹೆಸರಿಲ್ಲದೆ ಪ್ರಕಟವಾದ ‘ಲಾಸಾರಿಯೋ ದೆ ತೋರ್ಮೆಸ್’ ಎಂಬ ಕಾದಂಬರಿಯಲ್ಲಿ, ಬಡತನದ ದೆಸೆಯಿಂದ ತಾಯಿಯು ಒಬ್ಬ ಕುರುಡನಿಗೆ ಒಪ್ಪಿಸಿದ ಹುಡುಗನನ್ನು ಆ ಕುರುಡನು ಈ ಹೋರಿಯ ಹತ್ತಿರ ಕರೆದು, ಕಿವಿಯಿಟ್ಟು ಕೇಳಿದರೆ ಒಳಗಿನ ಸದ್ದು ಕೇಳಿಸುವುದೆಂದು ನಂಬಿಸಿ, ಹುಡುಗನು ಬಾಗಿದೊಡನೆಯೇ ಅವನ ತಲೆಯನ್ನು ಕಲ್ಲಿಗೆ ಅಪ್ಪಳಿಸುತ್ತಾನೆ. ಕುರುಡನ ಸೇವಕನಾದವನು ದೆವ್ವಕ್ಕಿಂತಲೂ ಚುರುಕಾಗಿರಬೇಕೆಂಬುದೇ ಆ ಹೊಡೆತದ ಪಾಠ. ಓದುಗರು ವೀರಯೋಧರ ಅದ್ಭುತಕಥೆಗಳಲ್ಲಿ ಮುಳುಗಿದ್ದ ಕಾಲದಲ್ಲಿ, ಹಸಿದ ಹುಡುಗನೊಬ್ಬನು ತನ್ನ ಕಥೆಯನ್ನು ತಾನೇ ಹೇಳಿಕೊಂಡು, ಅಂದಿನ ಪಾದ್ರಿಗಳ ಜಿಪುಣತನವನ್ನೂ ಕುಲೀನರ ಒಣಜಂಭವನ್ನೂ ಬಯಲಿಗೆಳೆದದ್ದು ಅಧಿಕಾರಿಗಳಿಗೆ ಸಹ್ಯವಾಗಲಿಲ್ಲ. 1559ರಲ್ಲಿ ಅದು ನಿಷಿದ್ಧ ಗ್ರಂಥಗಳ ಪಟ್ಟಿಗೆ ಸೇರಿತು. ಅರ್ಧಶತಮಾನದ ತರುವಾಯ, 1605ರಲ್ಲಿ, ಸೆರ್ವಾಂಟಿಸನ ‘ಡಾನ್ ಕಿಹೋಟೆ’ಯ ಮೊದಲ ಭಾಗವು ಹೊರಬಂದಿತು. ಅದರ ಕೀರ್ತಿ ಜಗತ್ತಿಗೆಲ್ಲ ತಿಳಿದಿರುವುದರಿಂದ ಇಲ್ಲಿ ವಿಸ್ತರಿಸಬೇಕಿಲ್ಲ. ಆದರೆ ಲಾಸಾರಿಯೋವನ್ನು ಮೊದಲು ಓದಿ ಅನಂತರ ಅದನ್ನು ಕೈಗೆತ್ತಿಕೊಳ್ಳುವವನಿಗೆ ದೊರೆಯುವ ಸುಖವೇ ಬೇರೆ.

ಸಾಮ್ರಾಜ್ಯದ ನೆರಳಿನ ಮಾತು ಮೇಲೆ ಬಂದಿತಷ್ಟೆ. ನೆಬ್ರಿಹಾನ ವ್ಯಾಕರಣವು ಅಚ್ಚಾದ 47 ವರ್ಷಗಳ ಮೇಲೆ, 1539ರಲ್ಲಿ, ಅದೇ ಸಲಮಾಂಕಾದಲ್ಲಿ ದೇವತಾಶಾಸ್ತ್ರದ ಪೀಠವನ್ನಲಂಕರಿಸಿದ್ದ ಫ್ರಾನ್ಸಿಸ್ಕೋ ದೆ ವಿತೋರಿಯಾ ಎಂಬ ಡೊಮಿನಿಕನ್ ಸನ್ಯಾಸಿಯು, ಅಮೆರಿಕದ ಮೂಲನಿವಾಸಿಗಳೇ ತಮ್ಮ ನೆಲದ ನಿಜವಾದ ಒಡೆಯರು, ಪೋಪನಾಗಲಿ ಚಕ್ರವರ್ತಿಯಾಗಲಿ ಭೂಮಂಡಲಕ್ಕೆಲ್ಲ ಒಡೆಯನಲ್ಲ, ಕಂಡುಹಿಡಿದ ಮಾತ್ರಕ್ಕೆ ಒಂದು ದೇಶವು ಕಂಡವನದಾಗದು ಎಂದು ತುಂಬಿದ ಸಭೆಯಲ್ಲಿ ಪ್ರತಿಪಾದಿಸಿದನು. ಆತನೂ ಕೆಲವು ಸಂದರ್ಭಗಳಲ್ಲಿ ಯುದ್ಧವನ್ನು ಸಮರ್ಥಿಸಿದ್ದುಂಟು, ಅದನ್ನು ಮರೆಮಾಚಬಾರದು. ಆದರೂ ಚಕ್ರವರ್ತಿ ಐದನೆಯ ಚಾರ್ಲ್ಸನು ಆ ವರ್ಷವೇ ವಿತೋರಿಯಾನ ಮಠದ ಅಧಿಪತಿಗೆ ಪತ್ರ ಬರೆದು, ಇಂಥ ಚರ್ಚೆಗಳು ನಿಲ್ಲಬೇಕೆಂದು ಅಪ್ಪಣೆಮಾಡಿದನೆಂದರೆ, ಒಬ್ಬ ಉಪಾಧ್ಯಾಯನ ಉಪನ್ಯಾಸವು ಎಷ್ಟು ದೂರ ಮುಟ್ಟಿತೆಂಬುದು ಸ್ಪಷ್ಟವಾಗುತ್ತದೆ. ಮುಂದೆ, ಕುಸ್ಕೋ ನಗರದಲ್ಲಿ ಇಂಕಾ ವಂಶದ ತಾಯಿಗೂ ಸ್ಪೇನಿನ ದಳಪತಿಗೂ ಜನಿಸಿದ ಇಂಕಾ ಗಾರ್ಸಿಲಾಸೋ, ಗೆದ್ದವರ ಭಾಷೆಯಲ್ಲಿಯೇ ಸೋತವರ ಚರಿತ್ರೆಯನ್ನು ಬರೆದು 1609ರಲ್ಲಿ ಪ್ರಕಟಿಸಿದನು. ಸಾಮ್ರಾಜ್ಯದ ಸಹಚರಿಯೆಂದು ನೆಬ್ರಿಹಾ ಬಣ್ಣಿಸಿದ ಭಾಷೆಯು, ಸಾಮ್ರಾಜ್ಯದ ಮೇಲಣ ದೂರನ್ನು ಬರೆದುಕೊಳ್ಳುವುದಕ್ಕೂ ಒದಗಿತು.

ಮೆಕ್ಸಿಕೋ ಮತ್ತು ಲೀಮಾ ನಗರಗಳಲ್ಲಿ 1551ರಲ್ಲಿ ಸ್ಥಾಪಿತವಾದ ವಿಶ್ವವಿದ್ಯಾನಿಲಯಗಳಿಗೆ ಸಲಮಾಂಕಾವೇ ಮಾದರಿ. ಹದಿನೇಳನೆಯ ಶತಮಾನದಲ್ಲಿ ಮೆಕ್ಸಿಕೋದ ಒಬ್ಬ ಬಾಲಿಕೆಯು, ತನಗೆ ಗಂಡುಡುಗೆ ತೊಡಿಸಿ ಅಲ್ಲಿನ ವಿಶ್ವವಿದ್ಯಾನಿಲಯಕ್ಕೆ ಕಳುಹಬೇಕೆಂದು ತಾಯಿಯನ್ನು ಕಾಡಿದಳು. ಅದು ನಡೆಯದಿರಲು ಅಜ್ಜನ ಪುಸ್ತಕಗಳನ್ನೇ ಓದಿ ಬೆಳೆದಳು. ಆಕೆಯೇ ಮುಂದೆ ಸನ್ಯಾಸಿನಿಯೂ ಮಹಾಕವಿಯೂ ಆದ ಸೋರ್ ಹುವಾನಾ. ಸ್ತ್ರೀಯರ ವಿದ್ಯಾಧಿಕಾರವನ್ನು ಸಮರ್ಥಿಸಿ ಆಕೆ 1691ರಲ್ಲಿ ಬರೆದ ಪತ್ರವು ಇಂದು ಅನೇಕ ಸ್ಪ್ಯಾನಿಷ್ ವಿಭಾಗಗಳಲ್ಲಿ ಪಠ್ಯವಾಗಿದೆ. ಎರಡು ಶತಮಾನಗಳ ಮೇಲೆಯೂ, ಮದ್ರಿದ್ ವಿಶ್ವವಿದ್ಯಾನಿಲಯಕ್ಕೆ ಸೇರಿದ ಮಾರಿಯಾ ಗೋಯ್ರಿ ಎಂಬ ತರುಣಿಯು ಪ್ರಾಧ್ಯಾಪಕನ ಜೊತೆಯಲ್ಲಿಯೇ ತರಗತಿಯನ್ನು ಪ್ರವೇಶಿಸಿ, ಅವನ ಸಮೀಪದಲ್ಲಿ ಬೇರೆ ಕುರ್ಚಿಯ ಮೇಲೆ ಕುಳಿತು, ಅವನೊಡನೆಯೇ ಹೊರಬರಬೇಕಾಗಿದ್ದಿತು.

ಈ ವಿದುಷಿಯು 1900ರಲ್ಲಿ ರಮೋನ್ ಮೆನೆಂದೆಸ್ ಪಿದಾಲ್ ಎಂಬ ಪಂಡಿತನನ್ನು ವರಿಸಿದಳು. ‘ಸಿದ್’ ಎಂಬ ಪ್ರಾಚೀನ ವೀರಕಾವ್ಯದ ನಾಯಕನು ಗಡೀಪಾರಾಗಿ ನಡೆದ ದಾರಿಯಲ್ಲಿಯೇ ಈ ನವದಂಪತಿಗಳು ಪ್ರವಾಸ ಹೊರಟರು. ದಾರಿಯಲ್ಲಿ ಓಸ್ಮಾ ಎಂಬ ಊರಿನಲ್ಲಿ, ಒಬ್ಬ ಅಗಸಗಿತ್ತಿಯ ಬಾಯಿಂದ ಅವರಿಗೊಂದು ಕಥನಗೀತೆಯು ಕೇಳಬಂದಿತು. ರಾಣಿ ಇಸಬೆಲಳ ಮಗನಾದ ರಾಜಕುಮಾರ ಹುವಾನನು ಹತ್ತೊಂಬತ್ತರ ಹರೆಯದಲ್ಲಿ ಮೃತನಾದ ಪ್ರಸಂಗವೇ ಅದರ ವಸ್ತುವೆಂದು ಗೋಯ್ರಿ ಗುರುತಿಸಿದಳು. ಆ ಮರಣವು ನಡೆದುದು 1497ರಲ್ಲಿ, ಸಲಮಾಂಕಾದಲ್ಲಿ. ಕ್ಯಾಸ್ಟಿಲ್ ಪ್ರಾಂತದಲ್ಲಿ ಇಂಥ ಹಾಡುಗಳು ಬಾಯಿಂದ ಬಾಯಿಗೆ ಉಳಿದಿಲ್ಲವೆಂದು ವಿದ್ವಾಂಸರು ಭಾವಿಸಿದ್ದರು. ನಾಲ್ಕು ಶತಮಾನಗಳ ದುಃಖವೊಂದನ್ನು ಬಟ್ಟೆ ಒಗೆಯುವ ಹೆಂಗಸು ಕಾಪಾಡಿಕೊಂಡು ಬಂದಿದ್ದಳು. ದಂಪತಿಗಳು ತಮ್ಮ ಆಯುಷ್ಯದ ಬಹುಭಾಗವನ್ನು ಅಂಥ ಗೀತೆಗಳ ಸಂಗ್ರಹಕ್ಕೆ ಧಾರೆಯೆರೆದರು. ಸಾಹಿತ್ಯವನ್ನು ಸಂಸ್ಕೃತಿಯೊಡನೆ ಸೇರಿಸಿ ಏಕೆ ಓದಬೇಕೆಂದು ಕೇಳುವವರಿಗೆ ಇದಕ್ಕಿಂತ ಸಮರ್ಪಕವಾದ ಉತ್ತರವನ್ನು ನಾನರಿಯೆ.

ಇಂದು ಸ್ಪ್ಯಾನಿಷ್ ಸುಮಾರು ಇಪ್ಪತ್ತು ದೇಶಗಳ ಅಧಿಕೃತ ಭಾಷೆ. 1904ರಿಂದ 2010ರವರೆಗೆ ಆ ಭಾಷೆಯ 11 ಲೇಖಕರಿಗೆ ಸಾಹಿತ್ಯದ ನೊಬೆಲ್ ಪಾರಿತೋಷಕವು ಸಂದಿದೆ. ಅವರಲ್ಲಿ ಹುವಾನ್ ರಮೋನ್ ಹಿಮೆನೆಸ್ ತನ್ನ ಪತ್ನಿ ಸೆನೋಬಿಯಾಳೊಡನೆ ರವೀಂದ್ರರ ಕೃತಿಗಳನ್ನು ಇಂಗ್ಲಿಷಿನ ಮೂಲಕ ಸ್ಪ್ಯಾನಿಷಿಗೆ ತಂದನು. ಮೆಕ್ಸಿಕೋದ ಒಕ್ತಾವಿಯೋ ಪಾಸ್ 1962ರಿಂದ 1968ರವರೆಗೆ ದೆಹಲಿಯಲ್ಲಿ ರಾಯಭಾರಿಯಾಗಿದ್ದು ಭಾರತವನ್ನು ಕುರಿತು ಬರೆದನು.

ನಮ್ಮ ಕಡೆಯಿಂದ ಇದಕ್ಕೆ ಸಲ್ಲಬೇಕಾದ ಪ್ರತ್ಯುಪಕಾರವು ಪೂರ್ತಿಯಾಗಿ ಸಂದಿಲ್ಲ. ಕನ್ನಡಕ್ಕೆ ಬಂದಿರುವ ಸ್ಪ್ಯಾನಿಷ್ ಕಾವ್ಯ, ನಾಟಕ, ಕಾದಂಬರಿಗಳು ಬಹುಮಟ್ಟಿಗೆ ಇಂಗ್ಲಿಷಿನ ಸೋಸಣಿಗೆಯಿಂದಲೇ ಇಳಿದವು. ದೆಹಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾನಿಲಯದಲ್ಲಿಯೂ, ಹೈದರಾಬಾದಿನ ಇಂಗ್ಲಿಷ್ ಮತ್ತು ವಿದೇಶೀ ಭಾಷೆಗಳ ವಿಶ್ವವಿದ್ಯಾನಿಲಯದಲ್ಲಿಯೂ ಸ್ಪ್ಯಾನಿಷ್‌ನಲ್ಲಿ ಪದವಿ, ಸ್ನಾತಕೋತ್ತರ ಪದವಿಗಳ ವ್ಯವಸ್ಥೆಯಿದೆ. ಬೆಂಗಳೂರಿನಲ್ಲಿ ಉದ್ಯೋಗದ ನಿಮಿತ್ತ ಈ ಭಾಷೆಯನ್ನು ಕಲಿಯುತ್ತಿರುವ ತರುಣ ತರುಣಿಯರೂ ಇದ್ದಾರೆ. ಉದ್ಯೋಗಕ್ಕೆ ಬೇಕಾದಷ್ಟಾದ ಮೇಲೆ ಅಲ್ಲಿಗೇ ನಿಲ್ಲಿಸದೆ, ಒಂದೆರಡು ವರ್ಷಗಳ ಶ್ರಮವನ್ನು ಸಾಹಿತ್ಯಕ್ಕೂ ಮೀಸಲಿಡಿರೆಂದು ಅವರಲ್ಲಿ ನನ್ನ ವಿನಂತಿ. ಮೊದಲು ಲಾಸಾರಿಯೋವನ್ನು ಓದಿರಿ. ಅದು ಚಿಕ್ಕ ಪುಸ್ತಕ, ಹೊಸಬರ ಕೈಗೆ ನಿಲುಕುವಂಥದು. ಓದಿ ಮುಗಿಸಿದ ಮೇಲೆ ಮೂಲದಿಂದಲೇ ನೇರವಾಗಿ ಕನ್ನಡಕ್ಕೆ ತನ್ನಿರಿ.