ಪಿವಿಸಿ ಪೈಪಿನೊಳಗಿನ ನೈಟ್ರಾಕ್ಸ್

ಗಿಡ್ಡನೆಯ ಒಂದು ಪಿವಿಸಿ ಪೈಪು, ಒಳಗೆ ತುಂಬಿದ ತೂತು ತೂತಿನ ಪ್ಲಾಸ್ಟಿಕ್ ಚೆಂಡುಗಳು. ಒಂದು ತುದಿಯಿಂದ ಕೋಣೆಯ ಗಾಳಿ ಒಳಗೆ ಬರುತ್ತದೆ. ಅಲ್ಲೇ ಪಕ್ಕದ ನಳಿಕೆಯಿಂದ ಆಮ್ಲಜನಕ ಸೇರಿಕೊಳ್ಳುತ್ತದೆ. ಚೆಂಡುಗಳ ಸಂದಿಯಲ್ಲಿ ಸುತ್ತಿ ಸುಳಿದು ಎರಡೂ ಬೆರೆಯುತ್ತವೆ, ಆಚೆ ತುದಿಯಲ್ಲಿ ಕಂಪ್ರೆಸರ್ ಆ ಬೆರಕೆಯನ್ನು ಹೀರಿ ಸಿಲಿಂಡರಿಗೆ ತುಂಬುತ್ತದೆ. ಸ್ಕೂಬಾ ಮಂದಿ ಇದನ್ನು ನೈಟ್ರಾಕ್ಸ್ ಸ್ಟಿಕ್ ಎನ್ನುತ್ತಾರೆ. ಹವ್ಯಾಸಿ ಡೈವರ್‌ಗಳು ತಮ್ಮ ಗ್ಯಾರೇಜಿನಲ್ಲೇ ಇದನ್ನು ಕಟ್ಟಿಕೊಂಡದ್ದುಂಟು.

ಮುರ್ಡೇಶ್ವರದಿಂದ ದೋಣಿ ಹತ್ತಿ ನೇತ್ರಾಣಿ ದ್ವೀಪದ ಬಳಿ ಮುಳುಗಿ ಬಂದವರಲ್ಲೂ ಹಲವರು ಬೆನ್ನಿಗಿದ್ದದ್ದು ಆಕ್ಸಿಜನ್ ಸಿಲಿಂಡರ್ ಎಂದೇ ನಂಬಿರುತ್ತಾರೆ. ಸಾಮಾನ್ಯವಾಗಿ ಅದರಲ್ಲಿರುವುದು ಬರೀ ಗಾಳಿ, ಸುಮಾರು 200 ಬಾರ್ ಒತ್ತಡಕ್ಕೆ ಅದುಮಿಟ್ಟದ್ದು: ಶೇ 21 ಆಮ್ಲಜನಕ, ಉಳಿದದ್ದು ಹೆಚ್ಚುಕಡಿಮೆ ಎಲ್ಲ ಸಾರಜನಕ. ತೊಂದರೆ ಕೊಡುವುದು ಈ ಸಾರಜನಕವೇ. ಆಳದ ಒತ್ತಡಕ್ಕೆ ಅದು ರಕ್ತ, ಮಾಂಸ, ಕೊಬ್ಬಿನಲ್ಲಿ ಕರಗಿ ಕೂರುತ್ತದೆ. ಅವಸರದಲ್ಲಿ ಮೇಲೆ ಬಂದರೆ ಗುಳ್ಳೆಯಾಗಿ ಹೊರಬೀಳುತ್ತದೆ. ಹಾಗಾಗಿ ಪ್ರತಿ ಆಳಕ್ಕೂ ಸಮಯದ ಮಿತಿ ಇದೆ. ಸಿಲಿಂಡರಿನಲ್ಲಿ ಸಾರಜನಕವನ್ನೇ ಕಡಿಮೆ ಮಾಡಿ ಆಮ್ಲಜನಕ ಹೆಚ್ಚಿಸಿದರೆ ಮಿತಿ ಸಡಿಲುತ್ತದೆ. ಅದೇ ನೈಟ್ರಾಕ್ಸ್. ಅಮೆರಿಕ ನೌಕಾಪಡೆಯ ಹಳೆಯ ಕೋಷ್ಟಕದ ಪ್ರಕಾರ 90 ಅಡಿ ಆಳದಲ್ಲಿ ಗಾಳಿ ಉಸಿರಾಡುತ್ತಿದ್ದರೆ ಸಿಗುವುದು 30 ನಿಮಿಷ. ಶೇ 32ರ ನೈಟ್ರಾಕ್ಸ್‌ಗೆ ಅದೇ ಲೆಕ್ಕ ಹಾಕಿದರೆ 40.

ಈ ಶೇ 32ರ ಬೆರಕೆಯನ್ನು ಬಳಕೆಗೆ ತಂದವರು ಅಮೆರಿಕದ ಸಾಗರ ಮತ್ತು ವಾಯುಮಂಡಲ ಸಂಸ್ಥೆ ನೋವಾದ ಮಾರ್ಗನ್ ವೆಲ್ಸ್, 1970ರ ದಶಕದ ಕೊನೆಯಲ್ಲಿ. ಅದು ಅಲ್ಲಿನ ವಿಜ್ಞಾನಿಗಳ ಕೆಲಸಕ್ಕೆಂದು ಬಂದದ್ದು. ಗಾಳಿಗೆ ಆಮ್ಲಜನಕವನ್ನು ಹರಿಯಬಿಟ್ಟು ಬೆರೆಸುವ ವಿಧಾನವನ್ನು ರೂಪಿಸಿದವರೂ ಅವರೇ. ನೋವಾದಲ್ಲೇ ಇದ್ದ ಡಿಕ್ ರುಟ್ಕೌಸ್ಕಿ 1985ರಲ್ಲಿ ಇದನ್ನು ಹವ್ಯಾಸಿಗಳಿಗೆ ಕಲಿಸಲು ಸಂಘ ಕಟ್ಟಿದಾಗ ಡೈವಿಂಗ್ ಉದ್ಯಮ ಉರಿದುಬಿತ್ತು. ಮಾಟದ ಅನಿಲ ಎಂಬ ಬೈಗುಳವೂ ಅಂಟಿತು. ಅಂಗಡಿಗಳು ತುಂಬಿಕೊಡದಿದ್ದರೆ ನಾವೇ ತುಂಬಿಕೊಳ್ಳೋಣ ಎಂಬ ಹಟ ಹುಟ್ಟಲು ಇದಕ್ಕಿಂತ ಒಳ್ಳೆಯ ಕಾರಣ ಬೇಕಿರಲಿಲ್ಲ.

ಪೈಪಿನ ಜಾಣತನ ಅರಿವಾಗಬೇಕಾದರೆ ಇನ್ನೊಂದು ದಾರಿಯನ್ನು ನೋಡಬೇಕು. ಖಾಲಿ ಸಿಲಿಂಡರಿಗೆ ಮೊದಲು ಶುದ್ಧ ಆಮ್ಲಜನಕ, ಆಮೇಲೆ ಗಾಳಿ ತುಂಬುವುದು. 200 ಬಾರ್‌ನ ಶೇ 32ರ ಬೆರಕೆಗೆ ಸುಮಾರು 28 ಬಾರ್ ಆಮ್ಲಜನಕ ಹಾಕಿ, ಉಳಿದದ್ದಕ್ಕೆ ಗಾಳಿ ತುಂಬಿದರಾಯಿತು. ಲೆಕ್ಕ ಸುಲಭ, ಕೆಲಸ ಅಪಾಯದ್ದು. ಆಮ್ಲಜನಕ ತಾನು ಉರಿಯುವುದಿಲ್ಲ, ಸಿಕ್ಕಿದ್ದನ್ನೆಲ್ಲ ಉರಿಸುತ್ತದೆ. ಸೈಕಲ್ಲಿಗೆ ಗಾಳಿ ಹೊಡೆದವರಿಗೆ ಪಂಪಿನ ಬುಡ ಬಿಸಿಯಾಗುವುದು ಗೊತ್ತು. ಒಂದು ಬಾರ್‌ನ ಅನಿಲವನ್ನು ಶಾಖ ಸೋರಲು ಬಿಡದೆ ಕ್ಷಣಾರ್ಧದಲ್ಲಿ 200 ಬಾರ್‌ಗೆ ಒತ್ತಿದರೆ, ಲೆಕ್ಕದಲ್ಲಿ ಅದರ ಉಷ್ಣತೆ 1,000 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ವಾಲ್ವನ್ನು ಗಕ್ಕನೆ ತಿರುಗಿಸಿದಾಗ ಆಗುವುದು ಇದೇ. ಆ ಹಾದಿಯಲ್ಲಿ ಒಂದು ಹನಿ ಎಣ್ಣೆಯ ಪಸೆಯೋ ಸಾಮಾನ್ಯ ಗ್ರೀಸೋ ಇದ್ದರೆ ಹೊತ್ತಿಕೊಳ್ಳಲು ಕಿಡಿಯೂ ಬೇಡ. ಅದಕ್ಕೇ ಈ ವಿಧಾನದಲ್ಲಿ ಸಿಲಿಂಡರು, ವಾಲ್ವು, ಮೆದುಗೊಳವೆ ಎಲ್ಲವನ್ನೂ ಆಮ್ಲಜನಕಕ್ಕೆಂದೇ ತೊಳೆದಿರಬೇಕು.

ಪೈಪಿನಲ್ಲಾದರೋ ಆಮ್ಲಜನಕ ಸೇರುವುದು ಕೋಣೆಯ ಒತ್ತಡದಲ್ಲಿ. ಅದುಮುವ ಹೊತ್ತಿಗೆ ಅದು ಆಗಲೇ ಗಾಳಿಯೊಂದಿಗೆ ಬೆರೆತು ತೆಳುವಾಗಿರುತ್ತದೆ. ನಿಮಿಷಕ್ಕೆ 100 ಲೀಟರ್ ಹೀರುವ ಕಂಪ್ರೆಸರಿಗೆ ಹೆಚ್ಚುವರಿ ಆಮ್ಲಜನಕ ಬೇಕಾಗುವುದು 14 ಲೀಟರ್ ಮಾತ್ರ. ಹಾಗೆಂದು ಅಪಾಯ ತೀರಿತೆಂದಲ್ಲ, ಜಾಗ ಬದಲಿಸಿತು ಅಷ್ಟೆ. ಕಂಪ್ರೆಸರಿನ ಹೊಟ್ಟೆಯಲ್ಲಿ ಎಣ್ಣೆ ಇರುತ್ತದೆ. ಶೇ 40 ಎಂಬುದು ಈ ವಿಧಾನದಲ್ಲಿ ಯಾರೂ ದಾಟಬಾರದ ಗೆರೆ. ಎಷ್ಟೋ ಯಂತ್ರಗಳಿಗೆ ಅಷ್ಟನ್ನೂ ಕೊಡುವಂತಿಲ್ಲ, ಅದನ್ನು ತಯಾರಕರೇ ಹೇಳಬೇಕು. ಇನ್ನೊಂದು ಸೂಕ್ಷ್ಮ ಹರಿವಿನದು. ಕರೆಂಟು ಹೋಗಿ ಕಂಪ್ರೆಸರ್ ನಿಂತಿತೆನ್ನಿ. ಆಮ್ಲಜನಕಕ್ಕೆ ಕರೆಂಟಿನ ಹಂಗಿಲ್ಲ, ಹರಿಯುತ್ತಲೇ ಇರುತ್ತದೆ. ಪೈಪಿನ ತುಂಬ ಹೆಚ್ಚುಕಡಿಮೆ ಶುದ್ಧ ಆಮ್ಲಜನಕ. ಕರೆಂಟು ಮರಳಿದಾಗ ಯಂತ್ರದ ಮೊದಲ ಗುಟುಕು ಅದೇ. ಆದ್ದರಿಂದ ನಿಲ್ಲಿಸುವಾಗ ಮೊದಲು ಆಮ್ಲಜನಕ, ನಂತರ ಕಂಪ್ರೆಸರ್. ಶುರು ಮಾಡುವಾಗ ಇದರ ತಿರುಗುಮುರುಗು.

ಪೈಪು ಯಾರಾದರೂ ಕಟ್ಟಿಯಾರು. ನನ್ನನ್ನು ಕೇಳಿದರೆ ಈ ವ್ಯವಸ್ಥೆಯ ನಿಜವಾದ ಯಂತ್ರ ಅದರ ಕೊನೆಯಲ್ಲಿ ಕೂರುವ ಹೆಬ್ಬೆರಳಿನಷ್ಟು ದಪ್ಪದ ಸೆನ್ಸರ್. ಒಳಗೆ ಸೀಸದ ಧ್ರುವ, ಪೊಟ್ಯಾಸಿಯಮ್ ಹೈಡ್ರಾಕ್ಸೈಡ್ ದ್ರಾವಣ. ಆಮ್ಲಜನಕ ಒಳಗಿಳಿದಷ್ಟೂ ವಿದ್ಯುತ್ ಹುಟ್ಟುತ್ತದೆ. ಗಾಳಿಯಲ್ಲಿ 10 ಮಿಲಿವೋಲ್ಟ್ ತೋರಿಸುವ ಸೆನ್ಸರ್ ಶೇ 32ಕ್ಕೆ ಸುಮಾರು 15.3 ತೋರಿಸಬೇಕು. ಆದರೆ ಅದು ಅಳೆಯುವುದು ಶೇಕಡಾವಾರನ್ನಲ್ಲ, ಆಮ್ಲಜನಕದ ಪಾಲಿನ ಒತ್ತಡವನ್ನು. ಕಂಪ್ರೆಸರ್ ಹೀರುವ ರಭಸಕ್ಕೆ ಪೈಪಿನಲ್ಲಿ ಒತ್ತಡ ತುಸು ಇಳಿದರೂ ಅಂಕಿ ಕೆಳಗೆ ಜಾರುತ್ತದೆ. ತೇವಾಂಶವೂ ಹಾಗೆಯೇ ಏಮಾರಿಸುತ್ತದೆ. ಸೀಸ ಸವೆದಂತೆ ಸೆನ್ಸರ್ ಮುಪ್ಪಾಗಿ, ಇರುವುದಕ್ಕಿಂತ ಕಡಿಮೆ ಹೇಳತೊಡಗಬಹುದು. ಕಡಿಮೆ ಹೇಳಿದರೆ ಕೆಡುಕೇ ಹೆಚ್ಚು, ಏಕೆಂದರೆ ಅದನ್ನು ನಂಬಿದವರು ಇನ್ನಷ್ಟು ಆಮ್ಲಜನಕ ಬಿಡುತ್ತಾರೆ.

ಬಿಟ್ಟರೇನಾಯಿತು ಎನ್ನಬಹುದು. ಒತ್ತಡದಲ್ಲಿ ಆಮ್ಲಜನಕವೇ ವಿಷ ಎಂದು ಫ್ರಾನ್ಸಿನ ಪಾಲ್ ಬೆರ್ 1878ರಲ್ಲೇ ತೋರಿಸಿದ್ದರು. ಮಿತಿ ಮೀರಿದರೆ ಫಿಟ್ಸ್ ಬರುತ್ತದೆ, ಹಲವು ಬಾರಿ ಯಾವ ಮುನ್ಸೂಚನೆಯೂ ಇಲ್ಲದೆ. ನೆಲದ ಮೇಲಾದರೆ ಬದುಕಿಕೊಳ್ಳಬಹುದು. ನೀರಿನಡಿ ಬಾಯಿಂದ ರೆಗ್ಯುಲೇಟರ್ ಕಳಚಿದರೆ ಅದೇ ಕೊನೆ. ಆಮ್ಲಜನಕದ ಪಾಲಿನ ಒತ್ತಡಕ್ಕೆ ಇಂದು ಡೈವರ್‌ಗಳು ಪಾಲಿಸುವ ಮಿತಿ 1.4 ಬಾರ್. ಶೇ 32ರಲ್ಲಿ ಅದು ಸುಮಾರು 33 ಮೀಟರ್ ಆಳಕ್ಕೆ ಬರುತ್ತದೆ, ಶೇ 36ರಲ್ಲಿ 28ಕ್ಕೇ. ಹಾಗಾಗಿ ಸಿಲಿಂಡರ್ ತುಂಬಿದ ಮೇಲೆ ಇನ್ನೊಮ್ಮೆ ಅಳೆದು, ಶೇಕಡಾವಾರು, ಆಳದ ಮಿತಿ, ತಾರೀಖು ಬರೆದ ಟೇಪನ್ನು ಅದರ ಹೆಗಲಿಗೆ ಅಂಟಿಸುತ್ತಾರೆ. ತುಂಬಿದ್ದು ದೊಡ್ಡ ಅಂಗಡಿಯೇ ಆಗಿರಲಿ, ಮನೆಯ ಪೈಪೇ ಆಗಿರಲಿ, ಅಳೆಯುವ ಕೆಲಸ ಅದನ್ನು ಉಸಿರಾಡುವವರದ್ದು.